ಮುಂದೆ ನಿಂತು ಓಡಿದ್ದರ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

"ಹುಡುಗರಿಗಿಂತ ಮುಂದೆ ನಿಲ್ಲಿಸಿ ಓಡಿಸ್ತಾರಾ? ಅದು ವಯಸ್ಸಾದವರ ಮೇಲಿನ ಕರುಣೆ ಅಲ್ವಾ?" ಅಂತ ಫೋನಿನಲ್ಲಿ ಕೇಳಿದೆಯಲ್ಲ, ಆಗ ತೋಟಕ್ಕೆ ಕಾಫಿ ಕೊಯ್ಯುವವರು ಬಂದಿದ್ದರು, ಮಾತು ಅರ್ಧಕ್ಕೇ ನಿಂತಿತು. ಕರುಣೆ ಅಲ್ಲ ಮಾರಾಯ, ಒಂಚೂರೂ ಅಲ್ಲ. ನಾನು ಓಡಿದ ಈ 800 ಮೀಟರ್ ಓಟದಲ್ಲಿ ಒಬ್ಬೊಬ್ಬರ ವೇಗ ನೋಡಿ, ನಿಧಾನದವರನ್ನು ಅಷ್ಟಷ್ಟು ಮೀಟರ್ ಮುಂದೆ ನಿಲ್ಲಿಸುತ್ತಾರೆ. ಇದಕ್ಕೆ ಹ್ಯಾಂಡಿಕ್ಯಾಪ್ ಅಂತ ಹೆಸರು.

ಲೆಕ್ಕ ನೋಡು. ನಮ್ಮಲ್ಲಿ ಎಲ್ಲರಿಗಿಂತ ಹಿಂದೆ, ಪೂರ್ತಿ 800 ಮೀಟರ್ ಓಡಲು ನಿಂತ ಹುಡುಗನ ಸಮಯ ಎರಡು ನಿಮಿಷ. ನನ್ನದು 2 ನಿಮಿಷ 40 ಸೆಕೆಂಡ್. ಅವನು ಮುಗಿಸುವಷ್ಟರಲ್ಲಿ ನಾನು 600 ಮೀಟರ್ ಓಡಿರುತ್ತೇನೆ. ಹಾಗಾದರೆ 200 ಮೀಟರ್ ಮುಂದೆ ನಿಲ್ಲಿಸಿದರೆ ಸರಿಹೋಯಿತು ಅನ್ನಿಸುತ್ತೆ. ಆದರೆ ದೂರ ಕಡಿಮೆಯಾದಷ್ಟೂ ಯಾರೇ ಆದರೂ ಇನ್ನೂ ಜೋರಾಗಿ ಓಡಬಲ್ಲರು. ಯಾರು ಎಲ್ಲಿ ನಿಲ್ಲಬೇಕು ಅಂತ ಗುರುತು ಹಾಕುವ ಮೇಷ್ಟ್ರಿಗೆ ಅದು ಗೊತ್ತು. ನನಗೆ ಕೊಟ್ಟದ್ದು 170. ಅಂದರೆ ಹುಡುಗನ ಸಮಕ್ಕೆ ಬರಬೇಕಾದರೆ 630 ಮೀಟರನ್ನು ಎರಡೇ ನಿಮಿಷದಲ್ಲಿ ಮುಗಿಸಬೇಕು. ನನ್ನ ಮಾಮೂಲಿ ವೇಗ ಅಲ್ಲಿ ಸಾಲದು. ಇದರಲ್ಲಿ ಕರುಣೆ ಎಲ್ಲಿದೆ ಹೇಳು!

ಇದೇನೂ ಹೊಸ ಪದ್ಧತಿಯಲ್ಲ. ಆಸ್ಟ್ರೇಲಿಯಾದ ಸ್ಟಾವೆಲ್ ಊರಿನಲ್ಲಿ ಈಸ್ಟರ್ ಹೊತ್ತಿಗೆ ಹುಲ್ಲಿನ ಮೇಲೆ ನಡೆಯುವ ಓಟ 1878ರಲ್ಲಿ ಶುರುವಾದದ್ದು, ಅಲ್ಲೂ ಹೀಗೇ ಹ್ಯಾಂಡಿಕ್ಯಾಪ್.

ಮಾಸ್ಟರ್ಸ್ ಕೂಟಗಳಲ್ಲಿ 35 ದಾಟಿದವರನ್ನು ಐದೈದು ವರ್ಷಕ್ಕೊಂದು ಗುಂಪು ಮಾಡಿ ಓಡಿಸುತ್ತಾರೆ. ಅದೂ ನ್ಯಾಯವೇ. ವಯಸ್ಸಾದಂತೆ ಹೃದಯದ ಗರಿಷ್ಠ ಬಡಿತ ಇಳಿಯುತ್ತದೆ, ದೇಹ ಆಮ್ಲಜನಕ ಬಳಸುವ ಶಕ್ತಿಯೂ ಇಳಿಯುತ್ತದೆ. ಅಭ್ಯಾಸ ಬಿಡದಿದ್ದರೆ ನಿಧಾನಕ್ಕೆ, ಆದರೂ ಇಳಿಯುವುದು ಇಳಿಯುತ್ತದೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿಗೆ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ನಾನು ಕುಣಿದಾಡಿದ್ದು ಅದಕ್ಕೇ. ಆದರೆ ಗುಂಪು ಮಾಡಿದ ಮೇಲೆ ಹುಡುಗರು ಬೇರೆ, ನಾವು ಬೇರೆ. ಇಲ್ಲಿ ಹಾಗಲ್ಲ. ಒಂದೇ ಪಿಸ್ತೂಲಿನ ಸದ್ದಿಗೆ ಹದಿನೆಂಟರವನೂ ನಾನೂ ಹೊರಡುತ್ತೇವೆ, ಒಂದೇ ಗೆರೆಗೆ ಓಡುತ್ತೇವೆ.

ಓಡುವುದಂತೂ ಬೇರೆಯೇ ಅನುಭವ. ನನ್ನ ಗುರುತು ಮೈದಾನದ ಆಚೆ ಬದಿಯಲ್ಲಿತ್ತು. ಮುಂದೆ ಒಬ್ಬರೇ, ನಮ್ಮದೇ ಪ್ರಾಯದ ಒಬ್ಬ ಹೆಂಗಸು. ಹಿಂದೆ ಯಾರು ಎಷ್ಟು ದೂರ ಅಂತ ಗೊತ್ತಾಗುವುದಿಲ್ಲ. ಸಾಮಾನ್ಯ 800ರಲ್ಲಿ ಬೇರೆಯವರ ಬೆನ್ನು ನೋಡಿ ವೇಗ ಹೊಂದಿಸಿಕೊಳ್ಳಬಹುದು. ಇಲ್ಲಿ ನನ್ನ ಉಸಿರೇ ನನಗೆ ಗಡಿಯಾರ. ಕೊನೆಯ ತಿರುವಿನಲ್ಲಿ ಆಕೆಯನ್ನು ದಾಟಿದೆ. ನೇರಕ್ಕೆ ಬರುವಷ್ಟರಲ್ಲಿ ಹಿಂದಿನಿಂದ ಸ್ಪೈಕ್ಸ್ ಸದ್ದು. ತೊಡೆ ಕಲ್ಲಾಗಿತ್ತು, ಆದರೂ ಕೈ ಬೀಸುವುದು ಬಿಡಲಿಲ್ಲ. ಹುಡುಗ ದಾಟಿ ಹೋದ, ಅವನ ಹಿಂದೆಯೇ ಇನ್ನೊಬ್ಬ. ಮೂರನೆಯವನಿಗೆ ನಾನು ಜಾಗ ಕೊಡಲಿಲ್ಲ. ಗೆರೆಯ ಹತ್ತಿರ ಐದು ಜನ ಒಂದು ಚಾಪೆಯಷ್ಟು ಜಾಗದಲ್ಲಿ ನುಗ್ಗಿದೆವು. ಗುರುತು ಹಾಕಿದವರ ಕೆಲಸ ಸರಿಯಾಗಿತ್ತು ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಮೂರನೇ ಸ್ಥಾನಕ್ಕಿಂತ ಹೆಚ್ಚು ಸಂತೋಷ ಕೊಟ್ಟ ವಿಷಯ ಇನ್ನೊಂದಿದೆ. ಮೇಷ್ಟ್ರು ಅಲ್ಲೇ ಪುಸ್ತಕ ತೆರೆದು ಮುಂದಿನ ಸಲಕ್ಕೆ ನನ್ನ 170ನ್ನು 160 ಮಾಡಿದರು. ಈ ವಯಸ್ಸಿನಲ್ಲಿ ನಾನು ವೇಗವಾಗಿದ್ದೇನೆ ಅಂತ ಒಬ್ಬರು ಶಾಯಿಯಲ್ಲಿ ಬರೆದುಕೊಟ್ಟ ಹಾಗಾಯಿತು.

ಮುಂದಿನ ವರ್ಷ ಹುತ್ತರಿಗೆ ಬಂದರೆ ಓಟದವರೆಗೂ ಇದ್ದೇ ಹೋಗು. ಕಾಲೇಜಿನ 1500 ಮೀಟರಿನ ಸಮಯ ಹೇಳಬೇಡ, ಮೇಷ್ಟ್ರು ಒಪ್ಪುವುದಿಲ್ಲ. ಈಗ ಒಂದು 800 ಓಡಿ, ಸಮಯ ಹಿಡಿದು ಕಳಿಸು. ನಿನ್ನ ಹೆಸರು ಬರೆಸಿಡುತ್ತೇನೆ.

ನಿನ್ನ ಗೆಳೆಯ