ಸರಾಸರಿ ಸಂಬಳದ ಅಂಕಿಯೊಳಗೆ ಯಾರಿದ್ದಾರೆ?

ಚಿ. ಮೇಧಾಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ವಿಜ್ಞಾನಿಗಳ ಸಂಬಳದ ಕೋಷ್ಟಕ ನೋಡಿದೆ. ಪಿಎಚ್‌.ಡಿ. ಮುಗಿಯುತ್ತಿದೆ, ಮುಂದೆ ಎರಡು ದಾರಿ ಇವೆ: ಒಂದು ಪೋಸ್ಟ್‌ಡಾಕ್, ಅಂದರೆ ಪಿಎಚ್‌.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ, ಇನ್ನೊಂದು ಕಂಪನಿಯ ಸಂಶೋಧನಾ ವಿಭಾಗ. ಎರಡೂ ಕಡೆ ಹೇಳುತ್ತಿರುವ ಮೊತ್ತ ಕೋಷ್ಟಕದ ಸರಾಸರಿಗಿಂತ ಎಷ್ಟೋ ಕಡಿಮೆ, ನನಗೆ ಅನ್ಯಾಯವಾಗುತ್ತಿದೆಯಾ ಎಂದು ಕೇಳಿದ್ದೀಯ. ಆಗುತ್ತಿರಬಹುದು, ಇಲ್ಲದಿರಲೂಬಹುದು. ಆ ಕೋಷ್ಟಕವೊಂದನ್ನೇ ಹಿಡಿದು ಅದನ್ನು ಹೇಳಲಾಗದು. ಸರಾಸರಿ ಸಂಬಳ ಎನ್ನುವ ಅಂಕಿ ಆ ಗುಂಪಿನಲ್ಲಿ ಯಾರು ಯಾರು ಸೇರಿದ್ದಾರೆ ಎಂಬುದನ್ನು ತೋರಿಸುತ್ತದೆ. ನಿನಗೆ ಎಷ್ಟು ಬರಬೇಕು ಎಂಬುದನ್ನು ನೀನೇ ಬೇರೆ ಲೆಕ್ಕ ಹಾಕಿ ತಿಳಿಯಬೇಕು. ಆ ಲೆಕ್ಕ ಹೇಗೆ ಎಂದು ಬರೆಯುತ್ತೇನೆ, ಕಾಗದ ಪೆನ್ಸಿಲ್ ಹಿಡಿದು ಓದು.

ಸುಲಭವಾದದ್ದು ಮೊದಲು. ಹತ್ತು ಜನರಲ್ಲಿ ಒಂಬತ್ತು ಮಂದಿಗೆ ತಲಾ 60, ನಿರ್ದೇಶಕರೊಬ್ಬರಿಗೆ 260 ಎಂದಿಟ್ಟುಕೋ. ಒಟ್ಟು 800, ಸರಾಸರಿ 80. ಆದರೆ 80 ಪಡೆಯುವವರು ಆ ಹತ್ತರಲ್ಲಿ ಒಬ್ಬರೂ ಇಲ್ಲ. ಸಂಬಳಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಟ್ಟನಡುವಿನದನ್ನು ತೆಗೆದರೆ ಸಿಗುವ ಮಧ್ಯಾಂಕ 60. ಆದ್ದರಿಂದ ಕೋಷ್ಟಕದಲ್ಲಿ ಮಧ್ಯಾಂಕ ಇದೆಯಾ ನೋಡು. ಅದಕ್ಕಿಂತ ಒಳ್ಳೆಯದು, ಕೆಳಗಿನ ಕಾಲು ಭಾಗ ಎಲ್ಲಿ ಮುಗಿಯುತ್ತದೆ, ಮೇಲಿನ ಕಾಲು ಭಾಗ ಎಲ್ಲಿ ಶುರುವಾಗುತ್ತದೆ ಎಂಬ ಎರಡು ಅಂಕಿಗಳು. ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ಹಾಕಿದ ಪಟ್ಟಿಯಲ್ಲಿ ಹೊಸಬರು ಸಾಮಾನ್ಯವಾಗಿ ಕೆಳಗಿನ ಕಾಲು ಭಾಗದಲ್ಲೇ ಇರುತ್ತಾರೆ. ಅಲ್ಲಿರುವುದು ಅವಮಾನವಲ್ಲ.

ಮುಂದಿನ ಪ್ರಶ್ನೆ, ‘ವಿಜ್ಞಾನಿ’ ಎಂದು ಯಾರನ್ನು ಎಣಿಸಿದ್ದಾರೆ? ಸಂಶೋಧನಾ ಸಿಬ್ಬಂದಿಯನ್ನು ಎಣಿಸುವ ರೀತಿಗೆ ದೇಶದೇಶಗಳು ಒಪ್ಪಿಕೊಂಡ ಒಂದು ಕ್ರಮವಿದೆ. 1963ರಲ್ಲಿ ಇಟಲಿಯ ಫ್ರಾಸ್ಕಾತಿಯಲ್ಲಿ ನಡೆದ ಸಭೆಯಿಂದ ಬಂದ ಕೈಪಿಡಿ ಅದು. ಸಂಶೋಧಕರು, ತಂತ್ರಜ್ಞರು, ಇತರ ಸಹಾಯಕರು ಎಂದು ಅದು ವಿಂಗಡಿಸುತ್ತದೆ, ಪಿಎಚ್‌.ಡಿ. ಮಾಡುತ್ತಿರುವವರನ್ನೂ ಸಂಶೋಧಕರ ಸಾಲಿನಲ್ಲಿ ಸೇರಿಸಲು ಅವಕಾಶ ಕೊಡುತ್ತದೆ. ಆದರೆ ಪ್ರತಿಯೊಂದು ಸಂಬಳ ಸಮೀಕ್ಷೆಯೂ ಆ ಕ್ರಮ ಹಿಡಿಯುವುದಿಲ್ಲ. ಕೆಲವು ಓದಿದ ಪದವಿಯನ್ನು ನೋಡುತ್ತವೆ, ಕೆಲವು ಮಾಡುವ ಕೆಲಸವನ್ನು. ರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಪಡೆದು ಪೇಟೆಂಟ್ ವಕೀಲಿಕೆ ಮಾಡುವವರು ಮೊದಲಿನದರಲ್ಲಿ ಬರುತ್ತಾರೆ, ಎರಡನೆಯದರಲ್ಲಿ ಬರುವುದಿಲ್ಲ. ಅಮೆರಿಕದಲ್ಲಿ 1973ರಿಂದ ನಡೆಯುತ್ತಿರುವ ಡಾಕ್ಟರೇಟ್ ಪಡೆದವರ ಸಮೀಕ್ಷೆ ಮೊದಲ ಬಗೆಯದು, 75 ವಯಸ್ಸಿನವರೆಗಿನವರೂ ಅದರೊಳಗಿದ್ದಾರೆ. ವೃತ್ತಿಸಂಘಗಳ ಸಮೀಕ್ಷೆಗಳಲ್ಲಿ ಉತ್ತರ ಕೊಡುವವರು ಸದಸ್ಯರು, ಅಂದರೆ ಚಂದಾ ಕಟ್ಟುವಷ್ಟು ನೆಲೆ ಸಿಕ್ಕವರು. ಕೆಲಸ ಕಳೆದುಕೊಂಡವರು, ಕ್ಷೇತ್ರ ಬಿಟ್ಟುಹೋದವರು ಅಲ್ಲಿ ತೆಳುವಾಗಿರುತ್ತಾರೆ. ಆ ಅಂಕಿ ತುಸು ಮೇಲಕ್ಕೆ ವಾಲಿದೆ ಎಂದುಕೊಂಡೇ ಓದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ನೀನು ಒಂದು ಸಲ ಕೈಯಾರೆ ಲೆಕ್ಕ ಹಾಕಿ ನೋಡಲೇಬೇಕು. ಒಂದು ಸಂಸ್ಥೆಯಲ್ಲಿ ತಲಾ 100 ಸಂಬಳದ 100 ಹಿರಿಯರು, ತಲಾ 50 ಸಂಬಳದ 50 ಕಿರಿಯರು ಇದ್ದಾರೆ. ಒಟ್ಟು 12,500, ಸರಾಸರಿ 83.3. ಮರುವರ್ಷ ಎಲ್ಲರಿಗೂ ಶೇ. 4 ಏರಿಕೆ: ಹಿರಿಯರಿಗೆ 104, ಕಿರಿಯರಿಗೆ 52. ಅದೇ ವರ್ಷ 20 ಹಿರಿಯರು ನಿವೃತ್ತರಾದರು, 40 ಕಿರಿಯರು ಸೇರಿದರು. ಈಗ 80 ಹಿರಿಯರು, 90 ಕಿರಿಯರು, ಒಟ್ಟು 13,000, ಸರಾಸರಿ 76.5. ಉಳಿದ ಪ್ರತಿಯೊಬ್ಬರ ಸಂಬಳವೂ ಏರಿದೆ, ಸರಾಸರಿ ಮಾತ್ರ ಶೇ. 8ರಷ್ಟು ಇಳಿದಿದೆ. ‘ವಿಜ್ಞಾನಿಗಳ ಸಂಬಳ ಕುಸಿತ’ ಎಂಬ ಸುದ್ದಿ ಕಂಡಾಗ ಇದನ್ನು ನೆನಪಿಟ್ಟುಕೋ.

ಇದರ ತಿರುವುಮುರುವು ಇನ್ನೂ ಮುಖ್ಯ. ನೇಮಕಾತಿ ನಿಲ್ಲಿಸಿದ ಸಂಸ್ಥೆಯಲ್ಲಿ ಹೊಸಬರು ಬರುವುದಿಲ್ಲ, ಇದ್ದವರಿಗೆ ವಯಸ್ಸಾಗುತ್ತದೆ, ಇನ್‌ಕ್ರಿಮೆಂಟ್ ಸೇರುತ್ತದೆ, ಸರಾಸರಿ ಏರುತ್ತಲೇ ಹೋಗುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಸಂಬಳ ಚೆನ್ನಾಗಿರುವ ಕ್ಷೇತ್ರದ ಹಾಗೆ ಕಾಣುತ್ತದೆ, ಒಳಗೆ ಹೋಗಲು ನೋಡಿದರೆ ಬಾಗಿಲೇ ಇಲ್ಲ. ನಿನ್ನಂಥವರಿಗೆ ಸರಾಸರಿಗಿಂತ ಹೆಚ್ಚು ಬೇಕಾದದ್ದು ಎರಡು ಅಂಕಿ: ಕಳೆದ ಮೂರು ವರ್ಷಗಳಲ್ಲಿ ಎಷ್ಟು ಜನರನ್ನು ಹೊಸದಾಗಿ ತೆಗೆದುಕೊಂಡರು, ಅವರಲ್ಲಿ ಎಷ್ಟು ಜನ ಕಾಯಂ ಆದರು. ವಯೋವಾರು ಪಟ್ಟಿ ಸಿಕ್ಕರೆ ಕಣ್ಣುಮುಚ್ಚಿ ಬಿಡಬೇಡ. ಐವತ್ತೈದು ದಾಟಿದವರೇ ಹೆಚ್ಚಿದ್ದರೆ ಮುಂದಿನ ಹತ್ತು ವರ್ಷಗಳಲ್ಲಿ ಜಾಗ ಖಾಲಿಯಾಗುತ್ತದೆ. ಆದರೆ ಖಾಲಿಯಾದ ಹುದ್ದೆಯನ್ನು ತುಂಬುವ ಅಭ್ಯಾಸ ಆ ಸಂಸ್ಥೆಗಿದೆಯಾ ಎಂದೂ ವಿಚಾರಿಸು. ಎಷ್ಟೋ ಕಡೆ ನಿವೃತ್ತಿಯಾದ ಕಾಯಂ ಹುದ್ದೆಯ ಜಾಗಕ್ಕೆ ಗುತ್ತಿಗೆಯವರು ಬರುತ್ತಾರೆ.

ಕಾಯಂ ಹುದ್ದೆಗೆ ಕಾಯುವವರ ಸಾಲು ಇಷ್ಟು ಉದ್ದ ಏಕಾಯಿತು ಎನ್ನುವುದೂ ಲೆಕ್ಕದಲ್ಲೇ ಇದೆ. ಪ್ರಾಧ್ಯಾಪಕರೊಬ್ಬರು 30 ವರ್ಷ ಕೆಲಸ ಮಾಡಿ ಎರಡು ವರ್ಷಕ್ಕೊಬ್ಬರಂತೆ ಪಿಎಚ್‌.ಡಿ. ಮಾಡಿಸಿದರೆ 15 ಜನ. ಹುದ್ದೆಗಳ ಸಂಖ್ಯೆ ಹೆಚ್ಚದಿದ್ದರೆ ಅವರ ಜಾಗಕ್ಕೆ ಬೇಕಾದವರು ಒಬ್ಬರು. ಉಳಿದ 14 ಜನರಿಗೆ ಬೇರೆ ದಾರಿ ಇರಲೇಬೇಕು. ಅಮೆರಿಕದಲ್ಲಿ 1994ರ ಜನವರಿ 1ರಿಂದ ಕಾಯಂ ಪ್ರಾಧ್ಯಾಪಕರಿಗೆ ಕಡ್ಡಾಯ ನಿವೃತ್ತಿ ಹೋಯಿತು, ಹಿರಿಯರು ಇನ್ನೂ ಹೆಚ್ಚು ಕಾಲ ಉಳಿದರು. ಅಲ್ಲಿ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಂದ ಮೊದಲ ಸ್ವತಂತ್ರ ಗ್ರಾಂಟ್ (ಸಂಶೋಧನಾ ಅನುದಾನ) ಪಡೆಯುವವರ ಸರಾಸರಿ ವಯಸ್ಸು 1980ರ ಸುಮಾರಿಗೆ 36 ಇದ್ದದ್ದು ಈ ಶತಮಾನದ ಮೊದಲ ದಶಕದಲ್ಲಿ 42ರ ಹತ್ತಿರ ಬಂತು. ಪೋಸ್ಟ್‌ಡಾಕ್ ಸಂಬಳ ಕಡಿಮೆ ಇರುವುದಕ್ಕೂ ಇದೇ ಮೂಲ. ಕಾಯುವವರು ಬಹಳ, ಹುದ್ದೆ ಕಡಿಮೆ, ಕಾಯುವಿಕೆಗೆ ‘ತರಬೇತಿ’ ಎಂಬ ಹೆಸರು. ಗಣಕ, ಎಂಜಿನಿಯರಿಂಗ್ ಓದಿದವರಿಗೆ ಕಂಪನಿಗಳ ಕರೆ ಸದಾ ಇರುವುದರಿಂದ ವಿಶ್ವವಿದ್ಯಾಲಯಗಳೂ ಅವರಿಗೆ ಹೆಚ್ಚು ಕೊಡಬೇಕಾಗುತ್ತದೆ. ಜೀವವಿಜ್ಞಾನದಲ್ಲಿ ಆ ಒತ್ತಡ ಕಡಿಮೆ. ನಿನ್ನ ಯೋಗ್ಯತೆಗೂ ಇದಕ್ಕೂ ಸಂಬಂಧವಿಲ್ಲ ಮಗಳೇ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಹೆಣ್ಣುಮಕ್ಕಳ ಸಂಬಳದ ವಿಚಾರ ಬೇರೆಯಾಗಿಯೇ ಬರೆಯಬೇಕು. ಜಗತ್ತಿನ ಸಂಶೋಧಕರಲ್ಲಿ ಹೆಂಗಸರು ಸುಮಾರು ಮೂರರಲ್ಲೊಂದು ಭಾಗ ಎಂದು ಯುನೆಸ್ಕೋ ಲೆಕ್ಕ. ಅವರಲ್ಲಿ ಕಿರಿಯರು ಹೆಚ್ಚಿದ್ದರೆ, ಕಡಿಮೆ ಸಂಬಳದ ವಿಷಯಗಳಲ್ಲಿ ಹೆಚ್ಚಿದ್ದರೆ, ಒಟ್ಟು ಸರಾಸರಿಯಲ್ಲಿ ದೊಡ್ಡ ಅಂತರ ಕಾಣುತ್ತದೆ. ಸಂಬಳದ್ದಲ್ಲದಿದ್ದರೂ ಇಂಥದೇ ಒಂದು ಉದಾಹರಣೆ ಇದೆ: 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಉನ್ನತ ಪದವಿಗಳಿಗೆ ಅರ್ಜಿ ಹಾಕಿದ ಗಂಡಸರಲ್ಲಿ ಶೇ. 44, ಹೆಂಗಸರಲ್ಲಿ ಶೇ. 35 ಮಂದಿಗೆ ಪ್ರವೇಶ ಸಿಕ್ಕಿತ್ತು. ವಿಭಾಗವಾರು ಬಿಡಿಸಿ ನೋಡಿದಾಗ ಅಂತರ ಹೆಚ್ಚುಕಡಿಮೆ ಮಾಯವಾಯಿತು. ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದು ಪ್ರವೇಶ ಕಷ್ಟವಿದ್ದ ವಿಭಾಗಗಳಿಗೆ. 1975ರಲ್ಲಿ ಪ್ರಕಟವಾದ ಈ ವಿಶ್ಲೇಷಣೆ ತೋರಿಸಿ, ತಾರತಮ್ಯವೆಲ್ಲ ಬರೀ ಲೆಕ್ಕದ ಭ್ರಮೆ ಎಂದು ವಾದಿಸುವವರು ಸಿಗುತ್ತಾರೆ. ಒಪ್ಪಬೇಡ. 2012ರಲ್ಲಿ ಅಮೆರಿಕದ 127 ವಿಜ್ಞಾನ ಪ್ರಾಧ್ಯಾಪಕರಿಗೆ ಪ್ರಯೋಗಾಲಯ ವ್ಯವಸ್ಥಾಪಕರ ಹುದ್ದೆಯ ಒಂದೇ ಅರ್ಜಿಯನ್ನು ಕೊಟ್ಟರು, ಅರ್ಧ ಜನರಿಗೆ ಗಂಡು ಹೆಸರಿನಲ್ಲಿ, ಅರ್ಧ ಜನರಿಗೆ ಹೆಣ್ಣು ಹೆಸರಿನಲ್ಲಿ. ಗಂಡು ಹೆಸರಿಗೆ ಸೂಚಿಸಿದ ಸರಾಸರಿ ಸಂಬಳ 30,238 ಡಾಲರ್, ಹೆಣ್ಣು ಹೆಸರಿಗೆ 26,508. ಇಲ್ಲಿ ವಿಭಾಗ, ವಯಸ್ಸು, ಅನುಭವ ಯಾವುದರ ನೆಪವೂ ಇಲ್ಲ, ಬದಲಾದದ್ದು ಹೆಸರೊಂದೇ. ಹೆಣ್ಣು ಪ್ರಾಧ್ಯಾಪಕರೂ ಹಾಗೆಯೇ ನಡೆದುಕೊಂಡರು.

ಹಾಗಾಗಿ ಎರಡು ಅಂತರಗಳನ್ನೂ ಕೇಳು: ದರ್ಜೆ, ಅನುಭವ ಯಾವುದನ್ನೂ ಹೊಂದಿಸದ ಒಟ್ಟು ಅಂತರ, ಮತ್ತು ಅದೇ ದರ್ಜೆ, ಅದೇ ಅನುಭವದವರ ನಡುವಿನ ಅಂತರ. ಎರಡನೆಯದು ಸಣ್ಣದಿದ್ದರೆ ಸಮಾಧಾನಪಡುವ ಮೊದಲು ಇನ್ನೊಂದು ಪ್ರಶ್ನೆ ಬಾಕಿ ಇರುತ್ತದೆ. ಆ ದರ್ಜೆಗೆ ಏರಲು ಹೆಂಗಸರಿಗೆ ಎಷ್ಟು ವರ್ಷ ಹಿಡಿಯಿತು? ಬಡ್ತಿಯಲ್ಲೇ ತಡೆ ಇದ್ದರೆ, ‘ಒಂದೇ ದರ್ಜೆಯವರಿಗೆ ಒಂದೇ ಸಂಬಳ’ ಎಂಬ ಮಾತು ಆ ತಡೆಯನ್ನು ಮುಚ್ಚಿಡುತ್ತದೆ. ಸಂಬಳದಾಚೆಗೂ ನೋಡು. ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯ 1999ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹಿರಿಯ ಮಹಿಳಾ ವಿಜ್ಞಾನಿಗಳಿಗೆ ಸಂಬಳ, ಪ್ರಯೋಗಾಲಯದ ಜಾಗ, ಸಂಪನ್ಮೂಲ ಎಲ್ಲದರಲ್ಲೂ ಕಡಿಮೆ ಸಿಕ್ಕಿದ್ದು ಹೊರಬಂತು.

ಆರಂಭದ ಸಂಬಳವನ್ನು ಪಟ್ಟು ಹಿಡಿದು ಕೇಳು, ಅಲ್ಲಿನ ಅಂತರ ಕೊನೆಯವರೆಗೂ ಬೆನ್ನು ಬಿಡುವುದಿಲ್ಲ. ಇನ್ನೊಬ್ಬರಿಗೆ 100, ನಿನಗೆ 88 ಎಂದು ಶುರುವಾದರೆ ಇಬ್ಬರಿಗೂ ವರ್ಷಕ್ಕೆ ಶೇ. 5 ಏರಿದರೂ 30 ವರ್ಷಗಳ ನಂತರ ಅವರದು 432, ನಿನ್ನದು 380. ಮೊದಲ ದಿನದ 12ರ ಅಂತರ 52 ಆಗಿರುತ್ತದೆ. ಪಿಂಚಣಿಯೂ ಕೊನೆಯ ಸಂಬಳದ ಮೇಲೆ ನಿಂತಿದ್ದರೆ ಅದು ಅಲ್ಲಿಗೂ ಬರುತ್ತದೆ.

ಇನ್ನು ಪೋಸ್ಟ್‌ಡಾಕ್‌ನ ಬೆಲೆ. ಕಂಪನಿಯಲ್ಲಿ 100ರಿಂದ ಶುರುವಾಗಿ ಶೇ. 5 ಏರಿದರೆ ನಾಲ್ಕು ವರ್ಷಕ್ಕೆ 100, 105, 110, 116, ಒಟ್ಟು 431. ಪೋಸ್ಟ್‌ಡಾಕ್‌ನಲ್ಲಿ 60, 62, 64, 66 ಎಂದರೆ 252. ಬಿಟ್ಟುಕೊಡುವುದು 179, ಅಂದರೆ ಕಂಪನಿಯ ಮೊದಲ ವರ್ಷದ ಸಂಬಳದ ಸುಮಾರು ಒಂದೂಮುಕ್ಕಾಲು ಪಟ್ಟು. ಆ ವರ್ಷಗಳಲ್ಲಿ ಜಮೆಯಾಗದೇ ಹೋದ ಭವಿಷ್ಯ ನಿಧಿಯನ್ನೂ ಇದಕ್ಕೆ ಕೂಡಿಸು. ಹಾಗೆಂದು ಪೋಸ್ಟ್‌ಡಾಕ್ ಬೇಡ ಎನ್ನುತ್ತಿಲ್ಲ. ವಿಶ್ವವಿದ್ಯಾಲಯದ ಹುದ್ದೆಯೇ ಬೇಕೆಂದರೆ ಅದು ಬೇಕೇಬೇಕು. ಕಂಪನಿಗಳೂ ಕೇಳುವ ಒಂದು ತಂತ್ರ ಕಲಿಯುವುದಿದ್ದರೆ ಎರಡು ವರ್ಷ ವ್ಯರ್ಥವಲ್ಲ. ಬೇರೇನೂ ತೋಚಲಿಲ್ಲ ಎಂದು ಸೇರುವುದು, ಆಮೇಲೆ ಒಂದೊಂದೇ ವರ್ಷ ಮುಂದುವರಿಸುತ್ತಾ ಹೋಗುವುದು ಮಾತ್ರ ಬೇಡ. ಜರ್ಮನಿಯಂಥ ಕಡೆ ಕಾನೂನೇ ಗಡಿ ಹಾಕಿದೆ: ಮುಂದಿನ ಅರ್ಹತೆ ಗಳಿಸಲೆಂದು ಸಂಶೋಧಕರಿಗೆ ಕೊಡುವ ನಿಗದಿತ ಅವಧಿಯ ಗುತ್ತಿಗೆಗಳು ಸಾಮಾನ್ಯವಾಗಿ ಹೆಚ್ಚೆಂದರೆ ಪಿಎಚ್‌.ಡಿ.ಗೆ ಮುಂಚೆ ಆರು ವರ್ಷ, ನಂತರ ಆರು ವರ್ಷ. ಕಾನೂನಿಲ್ಲದ ಕಡೆ ಗಡಿಯನ್ನು ನೀನೇ ಹಾಕಿಕೋ, ಸೇರುವ ದಿನವೇ.

ಆಫರ್ ಲೆಟರ್ ಬಂದಾಗ ಮೊತ್ತಕ್ಕಿಂತ ಮೊದಲು ಅದು ಸಂಬಳವೋ ಫೆಲೋಶಿಪ್ಪೋ ನೋಡು. ಫೆಲೋಶಿಪ್ ಆದರೆ ಹಲವು ಕಡೆ ನೀನು ಉದ್ಯೋಗಿಯಲ್ಲ. ಪಿಂಚಣಿ, ಹೆರಿಗೆ ರಜೆ, ಕಾಯಿಲೆ ರಜೆ ಎಲ್ಲವನ್ನೂ ಬೇರೆಯಾಗಿ ಕೇಳಬೇಕು. ಎಷ್ಟು ತಿಂಗಳ ಮೊತ್ತ ಎಂದೂ ನೋಡು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರ ಸಂಬಳವನ್ನು ಒಂಬತ್ತು ತಿಂಗಳ ಲೆಕ್ಕದಲ್ಲಿ ಹೇಳುವುದು ರೂಢಿ, ಬೇಸಿಗೆಯದ್ದನ್ನು ಗ್ರಾಂಟ್‌ನಿಂದ ತಂದುಕೊಳ್ಳಬೇಕು. ಅಂಥ 90ನ್ನು ಕಂಪನಿಯ 12 ತಿಂಗಳ 110ರ ಪಕ್ಕ ಹಾಗೇ ಇಟ್ಟರೆ ತಪ್ಪಾಗುತ್ತದೆ, ಗ್ರಾಂಟ್ ಖಂಡಿತ ಬರುತ್ತದೆ ಎಂದು ಹಿಗ್ಗಿಸಿ 120 ಎಂದುಕೊಂಡರೂ ತಪ್ಪೇ. ಸಂಬಳದ ಎಷ್ಟು ಪಾಲು ಗ್ರಾಂಟ್‌ನಿಂದ ಬರುತ್ತದೆ, ಗ್ರಾಂಟ್ ನಿಂತರೆ ಯಾರು ಕೊಡುತ್ತಾರೆ ಎಂಬುದಕ್ಕೆ ಲಿಖಿತ ಉತ್ತರ ಬೇಕು. ದೇಶ ದೇಶ ಹೋಲಿಸುವಾಗ ವಿನಿಮಯ ದರ ಬಿಟ್ಟು ಕೊಳ್ಳುವ ಶಕ್ತಿಯ ಲೆಕ್ಕ ಹಿಡಿ, ಆ ಊರಿನ ಬಾಡಿಗೆ ಕಳೆದು ಉಳಿಯುವುದನ್ನು ನೋಡು. ಏರಿಕೆಯಿಂದ ಹಣದುಬ್ಬರವನ್ನೂ ಕಳೆ: ಶೇ. 3 ಏರಿಕೆ, ಶೇ. 6 ಹಣದುಬ್ಬರ ನಾಲ್ಕು ವರ್ಷ ನಡೆದರೆ ಕೈಗೆ ಬರುವ ಮೊತ್ತ ಹೆಚ್ಚಿದ್ದರೂ ಅದರ ಬೆಲೆ ಶೇ. 11ರಷ್ಟು ಇಳಿದಿರುತ್ತದೆ.

ಕೋಷ್ಟಕಕ್ಕೆ ಮರಳಿದಾಗ ನಿನ್ನ ಸಾಲನ್ನು ಹುಡುಕು: ನಿನ್ನದೇ ವಿಷಯ, ಪಿಎಚ್‌.ಡಿ. ಆಗಿ ಎರಡು ವರ್ಷದೊಳಗಿನವರು, ಅದೇ ಬಗೆಯ ಸಂಸ್ಥೆ, ಅದೇ ಪ್ರದೇಶ. ಹೀಗೆ ಬಿಡಿಸುತ್ತಾ ಹೋದಂತೆ ಉತ್ತರಿಸಿದವರ ಸಂಖ್ಯೆ ಕುಗ್ಗುತ್ತದೆ. ಸಾಲಿನಲ್ಲಿ ಹನ್ನೆರಡೇ ಜನ ಉಳಿದರೆ ಆ ಅಂಕಿಯನ್ನು ನೆಚ್ಚಬೇಡ. ಪ್ರದೇಶದ ಷರತ್ತು ಸಡಿಲಿಸು, ಅನುಭವದ ಷರತ್ತನ್ನು ಸಡಿಲಿಸಬೇಡ, ಏಕೆಂದರೆ ಸಂಬಳ ಹೆಚ್ಚು ಬದಲಾಗುವುದು ಅದರಿಂದಲೇ. ಇತ್ತೀಚೆಗೆ ಸೇರಿದ ನಾಲ್ಕೈದು ಜನರನ್ನು, ಗಂಡಸರನ್ನೂ ಸೇರಿಸಿ, ನೇರವಾಗಿ ಕೇಳು. ಹೆಂಗಸರನ್ನಷ್ಟೇ ಕೇಳಿದರೆ ಈಗಾಗಲೇ ಕಡಿಮೆಯಾಗಿರಬಹುದಾದ ಮೊತ್ತವೇ ನಿನಗೆ ಅಳತೆಯಾಗುತ್ತದೆ.

ಕಂಪನಿಯವರು ‘ಎಷ್ಟು ನಿರೀಕ್ಷೆ’ ಎಂದಾಗ ಮೊದಲು ಅಂಕಿ ಹೇಳಬೇಡ. ‘ಈ ಹುದ್ದೆಯ ವೇತನಶ್ರೇಣಿ ಎಷ್ಟರಿಂದ ಎಷ್ಟರವರೆಗೆ?’ ಎಂದು ಕೇಳು. ವೇತನಶ್ರೇಣಿ ನಿಗದಿಯಾಗಿರುವ ಸಂಸ್ಥೆಯಾದರೆ ಚೌಕಾಸಿಗೆ ಜಾಗವಿಲ್ಲ ಎಂದುಕೊಳ್ಳುತ್ತಾರೆ, ಆದರೆ ಯಾವ ಹಂತದಿಂದ ಶುರು ಎಂಬುದರಲ್ಲಿ ಜಾಗವಿರುತ್ತದೆ. ಪಿಎಚ್‌.ಡಿ.ಯ ವರ್ಷಗಳನ್ನು, ಅದಕ್ಕೂ ಮೊದಲಿನ ಯೋಜನಾ ಸಹಾಯಕಿ ಕೆಲಸವನ್ನು ಅನುಭವವೆಂದು ಎಣಿಸುತ್ತೀರಾ ಎಂದು ಬರವಣಿಗೆಯಲ್ಲಿ ಕೇಳು, ಸೇವಾ ಪ್ರಮಾಣಪತ್ರಗಳನ್ನು ಈಗಲೇ ತರಿಸಿಟ್ಟುಕೋ. ಸೇರಿದ ಮೇಲೆ ಆ ಹಂತವನ್ನು ಸರಿಪಡಿಸಿಕೊಳ್ಳುವುದು ಬಹಳ ಕಷ್ಟ.

ಎರಡೂ ಆಫರ್‌ಗಳ ಲೆಕ್ಕವನ್ನು ನಾಲ್ಕು ವರ್ಷಕ್ಕೆ ಹಾಕಿ ಒಂದೇ ಹಾಳೆಯಲ್ಲಿ ಬರೆದು ಕಳಿಸು. ಸಹಿ ಹಾಕುವ ಮುಂಚೆ ಕಳಿಸು, ಕೂತು ನೋಡೋಣ.

ಇಂತಿ ನಿನ್ನ
ದೊಡ್ಡಮ್ಮ