ನೆಮ್ಮದಿಯ ಅಳತೆ ಕರಾವಳಿಯಲ್ಲೂ ಆಗಲಿ

ಮಾನ್ಯರೇ,

ಜನರ ಏಳಿಗೆಯನ್ನು ತಲಾ ಆದಾಯವೊಂದರಿಂದಲೇ ಅಳೆಯುವ ರೂಢಿಯನ್ನು ಅವಿಭಜಿತ ದಕ್ಷಿಣ ಕನ್ನಡದಲ್ಲಿ ಇನ್ನಾದರೂ ಬಿಡಬೇಕು. ಹಾರ್ವರ್ಡ್ ಮತ್ತು ಬೇಲರ್ ವಿಶ್ವವಿದ್ಯಾಲಯಗಳ ತಂಡ ಭಾರತವೂ ಸೇರಿ 22 ದೇಶಗಳ ಸುಮಾರು 2 ಲಕ್ಷ ಜನರನ್ನು ಮಾತನಾಡಿಸಿ, 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಬದುಕಿನ ನೆಮ್ಮದಿಯ ಅಧ್ಯಯನದ ಫಲಿತಾಂಶದಲ್ಲಿ ಇಂಡೋನೇಷ್ಯಾ ಮೇಲಿದೆ, ಸಿರಿವಂತ ಜಪಾನ್ ಕೊನೆಯಲ್ಲಿದೆ. ಸಂತೃಪ್ತಿ, ಆರೋಗ್ಯ, ಬದುಕಿನ ಗುರಿ, ನಡತೆ, ಆಪ್ತ ಸಂಬಂಧ, ಹಣಕಾಸಿನ ಭದ್ರತೆ ಈ ಆರರ ಮೇಲೆ 12 ಪ್ರಶ್ನೆ. ಪ್ರತಿಯೊಂದಕ್ಕೂ 0ಯಿಂದ 10ರ ಒಳಗೆ ಅಂಕ.

ಆದರೆ ಅಂಕ ಕೊಡುವ ರೀತಿ ನಾಡಿನಿಂದ ನಾಡಿಗೆ ಬೇರೆ. ಜಪಾನಿನವರು ನಡುವಿನ ಅಂಕದತ್ತ ವಾಲುತ್ತಾರೆ, ಬೇರೆ ಕಡೆ ತುದಿಯ ಅಂಕವನ್ನೇ ಹೇಳುವವರು ಹೆಚ್ಚು. ಹಾಗಾಗಿ ದೇಶಗಳ ಪಟ್ಟಿಗಿಂತ, ಒಂದೇ ಊರಿನ ಅದೇ ಜನರನ್ನು ಮತ್ತೆ ಮತ್ತೆ ಕೇಳಿ ತಿಳಿಯುವುದೇ ಹೆಚ್ಚು ನಂಬಲರ್ಹ. ಕೇಳುವ ಕಾಲವೂ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ಮಲ್ಪೆಯ ಬೋಟಿನ ಕಾರ್ಮಿಕರು ಕೊಡುವ ಉತ್ತರ ಡಿಸೆಂಬರಿನಲ್ಲೂ ಅದೇ ಇರಬೇಕೆಂದಿಲ್ಲ. ಮಗ, ಸೊಸೆ ಪಕ್ಕದಲ್ಲೇ ಕುಳಿತಿದ್ದರೆ ಹಿರಿಯರು ಸಂಬಂಧದ ಪ್ರಶ್ನೆಗೆ ಮನಸ್ಸು ಬಿಚ್ಚುವುದು ಕಷ್ಟ.

ನಮ್ಮ ಸಮಾಜಕಾರ್ಯ ಕಾಲೇಜುಗಳು ಕಡಲತೀರದ ಮಲ್ಪೆ, ಘಟ್ಟದ ಬುಡದ ಹೆಬ್ರಿಗಳಂತಹ ಭಿನ್ನ ಬದುಕಿನ ಎರಡು ಊರುಗಳನ್ನು ಆಯ್ದು, ಜುಲೈ ಮತ್ತು ಡಿಸೆಂಬರಿನಲ್ಲಿ ಅವೇ ಮನೆಗಳಿಗೆ ಹೋಗಲಿ. ತುಳು, ಕೊಂಕಣಿ, ಬ್ಯಾರಿ, ಕನ್ನಡದಲ್ಲಿ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳಲಿ. ಆರೂ ವಿಭಾಗಗಳ ಅಂಕವನ್ನು ಒಟ್ಟುಗೂಡಿಸದೆ ಬೇರೆ ಬೇರೆಯಾಗಿಯೇ ಗ್ರಾಮಸಭೆಯ ಮುಂದಿಡಲಿ.

– ಓದುಗರೊಬ್ಬರು, ಉಡುಪಿ