ಕೌಂಟಿಯ ಕಡತ ಮುಚ್ಚಿದರೂ ಕನ್ನಡದ ಸುದ್ದಿ ಮುಚ್ಚಲಿಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ನಮ್ಮ ಕಡೆಯ ಹುಡುಗನೊಬ್ಬನನ್ನು ಪೊಲೀಸರು ಹಿಡಿದರೆ ಆ ಸುದ್ದಿ ಕನ್ನಡದ ಪತ್ರಿಕೆಗಳಿಗೂ ಜಾಲತಾಣಗಳಿಗೂ ಮರುದಿನವೇ ತಲುಪುತ್ತದೆ, ಭಾವಚಿತ್ರ ಸಮೇತ. ಆ ಪ್ರಕರಣ ಆಮೇಲೆ ಬಿದ್ದುಹೋದದ್ದು ಮಾತ್ರ ಯಾವ ವರದಿಗಾರರ ಕಣ್ಣಿಗೂ ಬೀಳುವುದಿಲ್ಲ. ನಾನು ಸಾಗರದವಳು. ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದೇನೆ. ಬಂಧನದ ದಾಖಲೆ ಎಲ್ಲೆಲ್ಲಿದೆ ಎಂದು ಹುಡುಕುವುದು, ಅದನ್ನು ಹೊರಗಿನವರಿಗೆ ಕಾಣದಂತೆ ಮುಚ್ಚಿಸಲು ನ್ಯಾಯಾಲಯಕ್ಕೆ ಅರ್ಜಿ ಸಿದ್ಧಪಡಿಸುವುದು ನನ್ನ ದಿನನಿತ್ಯದ ಕೆಲಸ. ಹಾಗಾಗಿ ಊರಿನಲ್ಲಿರುವ ತಂದೆತಾಯಂದಿರಿಗೂ ತಮಗೂ ಹೇಳಬೇಕಾದದ್ದು ಸ್ವಲ್ಪ ಇದೆ.

ಗುರುತು ಸಿಗದಂತೆ ಒಂದು ಪ್ರಕರಣ ಹೇಳುತ್ತೇನೆ. ಹಾಸನದ ಕಡೆಯ ಹುಡುಗ, ಎಂ.ಎಸ್. ಓದಲು ಬಂದವನು. ಬಾಡಿಗೆ ಹಣದ ವಿಚಾರಕ್ಕೆ ಕೋಣೆಯ ಜೊತೆಗಾರನೊಂದಿಗೆ ಮಾತಿಗೆ ಮಾತು ಬೆಳೆದು ತಳ್ಳಾಟವಾಯಿತು. ಪಕ್ಕದ ಮನೆಯವರು ತುರ್ತು ಕರೆಯ 911ಕ್ಕೆ ಫೋನು ಮಾಡಿದರು. ರಾತ್ರಿ ಜೈಲಿಗೆ ಕರೆದೊಯ್ದು ಬೆರಳಚ್ಚು, ಭಾವಚಿತ್ರ ತೆಗೆದುಕೊಂಡು ಮರುದಿನ ಬಿಟ್ಟರು. ಸರ್ಕಾರದ ಪರ ಮೊಕದ್ದಮೆ ಹೂಡುವ ಜಿಲ್ಲಾ ಅಟಾರ್ನಿ ಕಾಗದಪತ್ರ ನೋಡಿ ದೋಷಾರೋಪವನ್ನೇ ಹೊರಿಸಲಿಲ್ಲ. ಕಾನೂನಿನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಆದರೆ ಅಷ್ಟರಲ್ಲಿ ‘ಅಮೆರಿಕದಲ್ಲಿ ಕನ್ನಡಿಗ ಯುವಕ ಜೈಲುಪಾಲು’ ಎಂದು ಕನ್ನಡದ ಜಾಲತಾಣವೊಂದು ಹೆಸರು, ಊರು ಎಲ್ಲವನ್ನೂ ಹಾಕಿಬಿಟ್ಟಿತ್ತು. ‘ಜೈಲುಪಾಲು’ ಎಂದರೆ ಓದುವವರು ಏನೆಂದುಕೊಳ್ಳುತ್ತಾರೆ? ಒಂದು ರಾತ್ರಿಯ ಮಾತು ಎಂದಂತೂ ಅಲ್ಲ.

ಪ್ರಕರಣವೇ ಆಗದಿದ್ದರೂ ಬಂಧನದ ದಾಖಲೆ ತಾನಾಗಿ ಮಾಯವಾಗುವುದಿಲ್ಲ ಎಂಬುದು ಇಲ್ಲಿಗೆ ಬಂದ ನಮ್ಮವರಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಹಿಡಿದ ಪೊಲೀಸ್ ಇಲಾಖೆಯಲ್ಲಿ ಒಂದು ಪ್ರತಿ, ಜೈಲು ನೋಡಿಕೊಳ್ಳುವ ಶೆರಿಫ್ ಬಳಿ ಒಂದು, ಬೆರಳಚ್ಚಿನ ಜೊತೆ ರಾಜ್ಯದ ನ್ಯಾಯ ಇಲಾಖೆಗೆ ಒಂದು, ಎಫ್‌ಬಿಐಗೆ ಒಂದು. ಇವೆಲ್ಲ ಸಾಲದೆಂಬಂತೆ ಇಂಥ ಮಾಹಿತಿಯನ್ನು ಗುಡ್ಡೆ ಹಾಕಿಕೊಂಡು ಮಾರುವ ಖಾಸಗಿ ಕಂಪನಿಗಳು. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿವೆ, ಕ್ಯಾಲಿಫೋರ್ನಿಯಾದಲ್ಲೇ 58. ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಆದ್ದರಿಂದ ನ್ಯೂಜೆರ್ಸಿಯಲ್ಲಿರುವ ಸೋದರಮಾವ ಹೇಳಿದ ಉಪಾಯ ಇಲ್ಲಿ ನಡೆಯುವುದಿಲ್ಲ.

ಹುಡುಕುವ ಹಂತದಲ್ಲೇ ನಮ್ಮವರು ಎಡವುತ್ತಾರೆ. ಶೆರಿಫ್ ಜಾಲತಾಣದ ಕೈದಿಗಳ ಪಟ್ಟಿಯಲ್ಲಿ ಹೆಸರು ಹಾಕಿ ನೋಡಿ, ಏನೂ ಬರಲಿಲ್ಲವೆಂದು ನೆಮ್ಮದಿಯಾಗಿ ಮಲಗುತ್ತಾರೆ. ಆ ಪಟ್ಟಿಯಲ್ಲಿ ಇರುವುದು ಸದ್ಯ ಜೈಲಿನೊಳಗಿರುವವರ ಹೆಸರು. ಇನ್ನು ನಮ್ಮ ಹೆಸರುಗಳ ಪಾಡು ಕೇಳಬೇಡಿ. ಇನಿಶಿಯಲ್ ಇಟ್ಟುಕೊಂಡವರು, ಊರಿನ ಹೆಸರು ಇಟ್ಟುಕೊಂಡವರು, ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿಕೊಂಡವರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರು ಗೊತ್ತಿಲ್ಲವೆಂಬ ಅರ್ಥದ ‘ಎಫ್‌ಎನ್‌ಯು’ ಎಂಬ ಮೂರು ಅಕ್ಷರ ಬಿದ್ದಿರುತ್ತದೆ. ಈ ಹಾಸನದ ಹುಡುಗನ ಹೆಸರು ಹಾಕಿ ಹುಡುಕಿದರೆ ಏನೂ ಸಿಗಲಿಲ್ಲ. ಅಪ್ಪನ ಹೆಸರು ಹಾಕಿದ ಕೂಡಲೇ ಕಡತ ಬಂತು. ಜೈಲಿನ ಸಿಬ್ಬಂದಿ ಅದನ್ನೇ ಮುಖ್ಯ ಹೆಸರಾಗಿ ಬರೆದುಕೊಂಡು, ಮಗನ ಹೆಸರಿನ ಎರಡು ಅಕ್ಷರ ನುಂಗಿದ್ದರು. ಹುಟ್ಟಿದ ಊರು ಬಿಟ್ಟು ಕದಲದ ಅಡಿಕೆ ತೋಟದ ಯಜಮಾನರು ಇಲ್ಲಿನ ಸ್ಯಾನ್ ಹೋಸೆಯ ಜೈಲಿನ ಪುಸ್ತಕ ಸೇರಿಬಿಟ್ಟಿದ್ದರು! ಹೆಸರನ್ನು ನಂಬದೆ ಬೆರಳನ್ನು ನಂಬುವುದೇ ಕ್ಷೇಮ. ‘ಲೈವ್ ಸ್ಕ್ಯಾನ್’ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟರೆ ರಾಜ್ಯದ ನ್ಯಾಯ ಇಲಾಖೆ ನಿಮ್ಮ ದಾಖಲೆಯನ್ನು ನಿಮಗೇ ಕಳುಹಿಸುತ್ತದೆ. ಸರ್ಕಾರದ ಶುಲ್ಕ 25 ಡಾಲರ್, ಬೆರಳಚ್ಚು ತೆಗೆಯುವವರದು ಬೇರೆ. ಎಫ್‌ಬಿಐನಿಂದ ತರಿಸಲು 18 ಡಾಲರ್.

ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದ ಒಂದು ಒಳ್ಳೆಯ ಕಾನೂನಿದೆ. ದಂಡ ಸಂಹಿತೆಯ 851.91ನೇ ಕಲಮಿನ ಪ್ರಕಾರ, ಶಿಕ್ಷೆಯಲ್ಲಿ ಕೊನೆಗೊಳ್ಳದ ಬಂಧನದ ದಾಖಲೆಯನ್ನು ಮುಚ್ಚುವಂತೆ ನ್ಯಾಯಾಲಯವನ್ನು ಕೇಳಬಹುದು. ಅರ್ಜಿ ನಮೂನೆಯ ಹೆಸರು ಸಿಆರ್-409. ದೋಷಾರೋಪ ಹೊರಿಸದೇ ಬಿಟ್ಟಿದ್ದರೆ, ಹೊರಿಸಲು ಕಾನೂನು ಕೊಟ್ಟಿರುವ ವಾಯಿದೆ ಮುಗಿಯುವವರೆಗೆ ಕಾಯಬೇಕು. ಸಣ್ಣಪುಟ್ಟ ಅಪರಾಧಗಳಿಗೆ ಅದು ಸಾಮಾನ್ಯವಾಗಿ ಒಂದು ವರ್ಷ, ದೊಡ್ಡವಕ್ಕೆ ಹೆಚ್ಚು. ವಿಚಾರಣೆಗೆ ಕನಿಷ್ಠ 15 ದಿನ ಮೊದಲೇ ಜಿಲ್ಲಾ ಅಟಾರ್ನಿಗೂ ಹಿಡಿದ ಪೊಲೀಸ್ ಇಲಾಖೆಗೂ ಪ್ರತಿ ತಲುಪಿಸಬೇಕು. ನಮೂನೆ ನೋಡಲು ಸುಲಭ, ತೊಡಕು ಇರುವುದು ದಿನಾಂಕದಲ್ಲಿ. ಜಗಳ ಆದದ್ದು ರಾತ್ರಿ ಹನ್ನೊಂದೂವರೆಗೆ, ಜೈಲಿನ ಪುಸ್ತಕದಲ್ಲಿ ಬರೆದದ್ದು ಮಧ್ಯರಾತ್ರಿ ಕಳೆದ ಮೇಲೆ. ಹಾಗಾಗಿ ಎರಡು ಕಾಗದದಲ್ಲಿ ಎರಡು ತಾರೀಖು. ನಮ್ಮ ತಂದೆ ಸಾಗರದ ಕೋರ್ಟಿನ ಮುಂದೆ ಅರ್ಜಿ ಬರೆಯುತ್ತಿದ್ದವರು. ತಾರೀಖು ತಪ್ಪಿದರೆ ಕಕ್ಷಿದಾರನ ಜೊತೆಗೆ ಅರ್ಜಿ ಬರೆದವನೂ ಬೈಸಿಕೊಳ್ಳುತ್ತಾನೆ ಎನ್ನುತ್ತಿದ್ದರು. ಇಲ್ಲಿಯೂ ಅದೇ ಕಥೆ, ಇಂಗ್ಲಿಷಿನಲ್ಲಿ ಬೈಯುತ್ತಾರೆ ಅಷ್ಟೆ. 2022ರಿಂದ ರಾಜ್ಯವೇ ಹಳೆಯ ಬಂಧನಗಳನ್ನು ಪರಿಶೀಲಿಸಿ ಕೆಲವಕ್ಕೆ ತಾನಾಗಿ ಪರಿಹಾರ ಕೊಡುವ ಪದ್ಧತಿಯೂ ಬಂದಿದೆ. ಅದನ್ನೇ ನೆಚ್ಚಿ ಕೂರುವುದು ಬೇಡ, ಅರ್ಜಿ ಕೊಟ್ಟು ಪಡೆದ ಆದೇಶಕ್ಕೆ ತೂಕ ಹೆಚ್ಚು.

ಆದೇಶ ಸಿಕ್ಕ ಮೇಲೆ ಕೆಲಸ ಕೊಡುವವರು, ಮನೆ ಬಾಡಿಗೆಗೆ ಕೊಡುವವರು ಕೇಳಿದರೆ ಬಂಧನ ಆಗಿಲ್ಲವೆಂದೇ ಹೇಳಬಹುದು. ಸಾರ್ವಜನಿಕ ಹುದ್ದೆಗೆ ನಿಲ್ಲುವಾಗ, ಪೊಲೀಸ್ ಕೆಲಸಕ್ಕೆ ಸೇರುವಾಗ, ಸರ್ಕಾರದ ಪರವಾನಗಿ ಕೇಳುವಾಗ ಮಾತ್ರ ಹೇಳಲೇಬೇಕು. ರಾಜ್ಯದ ಲಾಟರಿ ಆಯೋಗದ ಜೊತೆ ಗುತ್ತಿಗೆ ಮಾಡಿಕೊಳ್ಳುವವರೂ ಮುಚ್ಚಿಡುವಂತಿಲ್ಲ. ಆ ಲಾಟರಿಯ ಮೇಲೆ ಶಾಸಕರಿಗೆ ಅಷ್ಟೇಕೆ ಕಾಳಜಿಯೋ!

ತಂದೆತಾಯಂದಿರು ಮುಖ್ಯವಾಗಿ ಗಮನಿಸಬೇಕಾದದ್ದು ವೀಸಾ ವಿಚಾರ. ರಾಜ್ಯದ ನ್ಯಾಯಾಧೀಶರ ಆದೇಶಕ್ಕೆ ವಲಸೆ ಇಲಾಖೆ ತಲೆಬಾಗುವುದಿಲ್ಲ. ಚೆನ್ನೈನ ಕಾನ್ಸುಲೇಟ್‌ನಲ್ಲಿ ವೀಸಾ ಸ್ಟ್ಯಾಂಪಿಂಗ್‌ಗೆ ಹೋಗುವವರು ತುಂಬುವ ಡಿಎಸ್-160 ನಮೂನೆಯಲ್ಲಿ, ಪೌರತ್ವದ ಎನ್-400 ಅರ್ಜಿಯಲ್ಲಿ, ‘ಎಂದಾದರೂ ಬಂಧಿತರಾಗಿದ್ದೀರಾ’ ಎಂಬ ಪ್ರಶ್ನೆ ಇದ್ದೇ ಇದೆ. ದಾಖಲೆ ಮುಚ್ಚಿಸಿದ್ದರೂ ಅಲ್ಲಿ ‘ಹೌದು’ ಎಂದೇ ಬರೆಯಬೇಕು. ಬಂಧನಕ್ಕಿಂತ ಅದನ್ನು ಮರೆಮಾಚಿದ್ದೇ ಮುಳುವಾದವರಿದ್ದಾರೆ. 2025ರ ವಸಂತದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಯನ್ನು (ಇಲ್ಲಿ ಓದುವ ವಿದೇಶಿಯರ ಬಗ್ಗೆ ಸರ್ಕಾರ ಇಡುವ ದಾಖಲೆ) ಸರ್ಕಾರ ಏಕಾಏಕಿ ರದ್ದು ಮಾಡಿತು. ವಿದ್ಯಾರ್ಥಿಗಳ ಹೆಸರುಗಳನ್ನು ಎಫ್‌ಬಿಐನ ದತ್ತಾಂಶದ ಜೊತೆ ತಾಳೆ ನೋಡಿ ಮಾಡಿದ ಕೆಲಸವದು. ಪ್ರಕರಣ ಕೈಬಿಟ್ಟಿದ್ದವರೂ ಅದರಲ್ಲಿ ಸಿಕ್ಕಿಕೊಂಡರು. ದೇಶದ ಉದ್ದಗಲಕ್ಕೂ ದಾವೆಗಳು ಬಿದ್ದ ಮೇಲೆ ಏಪ್ರಿಲ್ ಕೊನೆಯಲ್ಲಿ ಆ ದಾಖಲೆಗಳನ್ನು ಮತ್ತೆ ಚಾಲ್ತಿಗೆ ತಂದರು. ಆದ್ದರಿಂದ ದಾಖಲೆ ಮುಚ್ಚಿಸುವ ಅರ್ಜಿ ಹಾಕುವ ಮುನ್ನವೇ, ಪ್ರಕರಣ ಏನಾಯಿತೆಂದು ತೋರಿಸುವ ನ್ಯಾಯಾಲಯದ ಅಥವಾ ಅಟಾರ್ನಿ ಕಚೇರಿಯ ಕಾಗದದ ದೃಢೀಕೃತ ನಕಲುಗಳನ್ನು ತೆಗೆದು ಪಾಸ್‌ಪೋರ್ಟಿನ ಜೊತೆಯಲ್ಲೇ ಇಟ್ಟುಕೊಳ್ಳಿ. ಒಂದು ಪ್ರತಿ ಊರಿನ ಮನೆಯಲ್ಲೂ ಇರಲಿ. ಮುಚ್ಚಿದ ಮೇಲೆ ಕೇಳಲು ಹೋದರೆ ಕೌಂಟರಿನಲ್ಲಿರುವವರು ‘ಅಂಥ ದಾಖಲೆಯೇ ಇಲ್ಲ’ ಎಂದುಬಿಡಬಹುದು. ಅವರದೂ ತಪ್ಪಲ್ಲ, ಅದನ್ನೇ ತಾನೇ ನಾವು ಕೇಳಿಕೊಂಡದ್ದು. ಅಪರಾಧ ಒಪ್ಪಿಕೊಂಡರೆ ಬೇಗ ಮನೆಗೆ ಹೋಗಬಹುದು ಎಂಬ ಮಾತಿಗೆ ಮಾತ್ರ ಹುಡುಗರು ಬಲಿಯಾಗಬಾರದು. ಒಪ್ಪಿಕೊಂಡರೆ ವಲಸೆಯ ಮೇಲೆ ಆಗುವ ಪರಿಣಾಮವನ್ನು ವಕೀಲರು ತಿಳಿಸಲೇಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಪಡಿಲಾ ಪ್ರಕರಣದಲ್ಲಿ ಹೇಳಿದೆ.

ಈಗ ತಮ್ಮಲ್ಲಿ ಕೇಳಿಕೊಳ್ಳುವ ಮಾತು. ಹಾಸನದ ಹುಡುಗನಿಗೆ ಆದೇಶ ಸಿಕ್ಕಿತು. ಕೌಂಟಿಯಲ್ಲಿ ಈಗ ಯಾರು ಹುಡುಕಿದರೂ ಏನೂ ಸಿಗುವುದಿಲ್ಲ. ಆದರೆ ಅವನಿಗೆ ಸಂಬಂಧ ಬಂದಾಗ ಹೆಣ್ಣಿನ ಚಿಕ್ಕಪ್ಪ ಹುಡುಕಿದ್ದು ಕೌಂಟಿಯ ಜಾಲತಾಣವನ್ನಲ್ಲ, ಕನ್ನಡದಲ್ಲಿ ಅವನ ಹೆಸರನ್ನು. ‘ಜೈಲುಪಾಲು’ ಸುದ್ದಿ ಮೊದಲನೆಯದಾಗಿ ಬಂತು, ಮಾತುಕತೆ ಅಲ್ಲಿಗೇ ನಿಂತಿತು. ಸ್ಯಾನ್ ಹೋಸೆಯ ನ್ಯಾಯಾಧೀಶರ ಆದೇಶ ಬೆಂಗಳೂರಿನ ಸುದ್ದಿಮನೆಯನ್ನು ಕಟ್ಟಿಹಾಕುವುದಿಲ್ಲ. ಬಂಧಿತರ ಭಾವಚಿತ್ರ ಹಾಕಿ, ತೆಗೆಯಲು ದುಡ್ಡು ಕೇಳುವ ದಂಧೆಯನ್ನು ಕ್ಯಾಲಿಫೋರ್ನಿಯಾ 2015ರಿಂದಲೇ ನಿಷೇಧಿಸಿದೆ. ದುಡ್ಡು ಕೇಳದೆ, ಸುಮ್ಮನೆ ಮರೆತುಬಿಟ್ಟು ಹಾಗೇ ಉಳಿಸಿಕೊಂಡವರನ್ನು ಯಾವ ಕಾನೂನಿನಿಂದ ಕೇಳುವುದು? ಆ ಜಾಲತಾಣಕ್ಕೆ ಮನೆಯವರು ಬರೆದ ಪತ್ರಕ್ಕೆ ಉತ್ತರವೇ ಬರಲಿಲ್ಲ.

ಇಲ್ಲಿನ ಪತ್ರಿಕೆಗಳಿಗೆ ಈ ಪ್ರಶ್ನೆ ಮೊದಲೇ ಎದುರಾಗಿದೆ. ಕ್ಲೀವ್‌ಲ್ಯಾಂಡ್‌ನ ಸುದ್ದಿತಾಣವೊಂದು 2018ರಲ್ಲಿ, ‘ಬಾಸ್ಟನ್ ಗ್ಲೋಬ್’ 2021ರಲ್ಲಿ, ಹಳೆಯ ಸುದ್ದಿಗಳಲ್ಲಿ ಹೆಸರು ಬಂದವರ ಮನವಿಗಳನ್ನು ಪರಿಶೀಲಿಸುವ ಏರ್ಪಾಡು ಮಾಡಿಕೊಂಡವು. ಸಣ್ಣ ಅಪರಾಧಗಳ ಸುದ್ದಿಯಲ್ಲಿ, ಮುಂದಿನ ಬೆಳವಣಿಗೆಯನ್ನು ತಾನು ವರದಿ ಮಾಡಲಾರದೆ ಹೋದರೆ, ಆರೋಪಿಯ ಹೆಸರನ್ನೇ ಹಾಕುವುದಿಲ್ಲವೆಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2021ರಲ್ಲಿ ಪ್ರಕಟಿಸಿತು. ನಮ್ಮ ಕರ್ನಾಟಕ ಹೈಕೋರ್ಟ್ ಕೂಡ 2017ರಲ್ಲಿ ತಂದೆಯೊಬ್ಬರ ಕೋರಿಕೆಯಂತೆ ಅವರ ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ತನ್ನ ಕಚೇರಿಗೇ ಸೂಚಿಸಿತ್ತು. ಕೊಲೆ, ಕೋಟಿಗಟ್ಟಲೆ ವಂಚನೆಯಂಥ ಪ್ರಕರಣಗಳನ್ನು ಮರೆಮಾಚಿ ಎಂದು ನಾನು ಹೇಳುತ್ತಿಲ್ಲ, ಅವು ದಾಖಲಾಗಲೇಬೇಕು. ಕೋಣೆಯ ಜಗಳ, ಅಂಗಡಿಯ ಬಿಲ್ಲಿನ ಗೊಂದಲ, ನೆರೆಯವರ ದೂರಿನಂಥವು ಹತ್ತು ವರ್ಷ ಹೆಸರು ಸಮೇತ ತೇಲುತ್ತಿರಬೇಕೇ?

ಪ್ರಕರಣ ಬಿದ್ದುಹೋದವರ ಕಡೆಯವರು ದೃಢೀಕೃತ ನಕಲು ಕಳುಹಿಸಿದರೆ, ಅದನ್ನು ನೋಡಿ ಹಳೆಯ ಸುದ್ದಿಯಿಂದ ಹೆಸರು ತೆಗೆಯಲು ಅಥವಾ ಅದೇ ಸುದ್ದಿಯ ತಲೆಯ ಮೇಲೆ ‘ಆರೋಪ ಹೊರಿಸಿಲ್ಲ’ ಎಂದು ಸೇರಿಸಲು ತಮ್ಮ ಪತ್ರಿಕೆಯಲ್ಲಿ ಒಬ್ಬರನ್ನು ನೇಮಿಸಿ, ಅವರ ಇ-ಮೇಲ್ ವಿಳಾಸವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ. ತಾವು ಮುಂದಾದರೆ ಉಳಿದವರನ್ನೂ ಕೇಳಲು ನಮಗೆ ಬಾಯಿ ಬರುತ್ತದೆ. ವಿಳಾಸ ಸಿಕ್ಕಿದ ದಿನವೇ ಕಳುಹಿಸಬಲ್ಲ ಕಾಗದಗಳು ಕೆಲವು ಮನೆಗಳಲ್ಲಿ ಈಗಾಗಲೇ ಸಿದ್ಧವಾಗಿವೆ.

ಇಂತು,
ಸಾಗರ ಮೂಲದ ಓದುಗಿ,
ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ